ತೂಕ ತಿಳಿಯದ ಅಂಕ: ಕನ್ನಡ ತರಗತಿಯ ಮೌಲ್ಯಮಾಪನವನ್ನು ಕುರಿತು ಒಂದು ವಿಚಾರ

ಪದವಿ ಹಾಗೂ ಸ್ನಾತಕೋತ್ತರ ತರಗತಿಗಳ ಮೌಲ್ಯಮಾಪನವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಎರಡು ವಿಷಯಗಳ ಸುತ್ತ ನಡೆಯುತ್ತವೆ. ಒಂದು, ಪ್ರಶ್ನೆಪತ್ರಿಕೆಯ ಸ್ವರೂಪ. ಇನ್ನೊಂದು, ಉತ್ತರಪತ್ರಿಕೆಗಳನ್ನು ತಿದ್ದುವ ಕ್ರಮ. ಇವೆರಡರ ನಡುವೆ ಇರುವ ಮೂರನೆಯ ವಿಷಯವೊಂದು ನಮ್ಮ ಗಮನಕ್ಕೆ ಬಂದದ್ದು ಕಡಿಮೆ. ಕಿರುಪರೀಕ್ಷೆ, ನಿಯೋಜಿತ ಬರಹ, ಸೆಮಿನಾರು, ಸೆಮಿಸ್ಟರ್ ಪರೀಕ್ಷೆ ಎಂದು ಬಿಡಿಬಿಡಿಯಾಗಿ ಬಂದ ಅಂಕಗಳು ಕೂಡಿ ಒಂದು ಅಂತಿಮ ಫಲಿತಾಂಶವಾಗುವುದು ಹೇಗೆ, ಆ ಕೂಡಿಕೆಯಲ್ಲಿ ಯಾವುದಕ್ಕೆ ಎಷ್ಟು ತೂಕ ಎಂಬುದು ಆ ವಿಷಯ. ಇದನ್ನು ಕಚೇರಿಯ ಕೆಲಸವೆಂದೋ ಗಣಕಯಂತ್ರದ ಕೆಲಸವೆಂದೋ ನಾವು ಬದಿಗಿರಿಸಿದ್ದೇವೆ. ಈ ತೂಕವನ್ನು ವಿದ್ಯಾರ್ಥಿಯು ತಾನೇ ಲೆಕ್ಕ ಹಾಕಬಲ್ಲವನಾಗಬೇಕು, ಅದನ್ನು ಕಲಿಸುವುದು ಕನ್ನಡ ಅಧ್ಯಾಪಕರ ಹೊಣೆ ಎಂಬುದು ಪ್ರಸ್ತುತ ಬರಹದ ವಾದ.

1

ವಿಶ್ವವಿದ್ಯಾಲಯ ಅನುದಾನ ಆಯೋಗವು ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿಯ ಮಾರ್ಗಸೂಚಿಯನ್ನು 2015ರ ಹೊತ್ತಿಗೆ ದೇಶದ ವಿಶ್ವವಿದ್ಯಾಲಯಗಳ ಮುಂದಿಟ್ಟಿತು. ಹತ್ತು ಅಂಶಗಳ ಗ್ರೇಡ್ ಕ್ರಮ, ಪ್ರತಿ ಪತ್ರಿಕೆಗೆ ಇಂತಿಷ್ಟು ಕ್ರೆಡಿಟ್, ಅವುಗಳಿಂದ ಸೆಮಿಸ್ಟರಿನ ಸರಾಸರಿ, ಸೆಮಿಸ್ಟರುಗಳಿಂದ ಒಟ್ಟು ಸರಾಸರಿ ಎಂಬ ಏರ್ಪಾಟು ಅಲ್ಲಿಯದು. ಮುಂದೆ ಕರ್ನಾಟಕದಲ್ಲಿ 2021-22ರ ಶೈಕ್ಷಣಿಕ ವರ್ಷದಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಜಾರಿಗೆ ಬಂದಾಗ ಪದವಿ ತರಗತಿಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 40, ಸೆಮಿಸ್ಟರ್ ಪರೀಕ್ಷೆಗೆ 60 ಎಂಬ ಹಂಚಿಕೆ ಬಂದಿತು. 2024-25ರಿಂದ ರಾಜ್ಯವು ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ, ಒಂದೇ ಕಾಲೇಜಿನಲ್ಲಿ ಮೊದಲ ವರ್ಷದವರು ಒಂದು ವ್ಯವಸ್ಥೆಯಲ್ಲೂ ಹಿರಿಯ ವಿದ್ಯಾರ್ಥಿಗಳು ಇನ್ನೊಂದರಲ್ಲೂ ಓದುವ ಸ್ಥಿತಿ ಉಂಟಾಯಿತು. ಅಣ್ಣ ಹೇಳಿಕೊಟ್ಟ ಲೆಕ್ಕ ತಂಗಿಗೆ ಹೊಂದುವುದಿಲ್ಲ. ಹೀಗೆ ವ್ಯವಸ್ಥೆಗಳು ಬದಲಾಗುತ್ತ ಹೋದಷ್ಟೂ ಲೆಕ್ಕದ ಹಿಂದಿರುವ ತತ್ವ ತಿಳಿದಿರಬೇಕಾದುದು ಅಗತ್ಯವಾಗುತ್ತದೆ.

ತತ್ವವು ಸರಳವಾದುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ನೂರು ಅಂಕಗಳ ಕನ್ನಡ ಪತ್ರಿಕೆಯೊಂದರಲ್ಲಿ ಎರಡು ಕಿರುಪರೀಕ್ಷೆ, ಒಂದು ನಿಯೋಜಿತ ಬರಹ, ಒಂದು ಸೆಮಿನಾರು ಇವಕ್ಕೆ ತಲಾ 10 ಅಂಕ. ಸೆಮಿಸ್ಟರ್ ಪರೀಕ್ಷೆಗೆ 60 ಅಂಕ. ವಿದ್ಯಾರ್ಥಿನಿಯೊಬ್ಬಳು ಇವುಗಳಲ್ಲಿ ಕ್ರಮವಾಗಿ ಶೇ. 60, 70, 90, 80 ಮತ್ತು 45 ಪಡೆದಿದ್ದಾಳೆ. ಈ ಐದನ್ನೂ ಕೂಡಿ ಐದರಿಂದ ಭಾಗಿಸಿದರೆ 69 ಬರುತ್ತದೆ. ಪ್ರಥಮ ದರ್ಜೆ ದೊರೆತಿತೆಂದು ಅವಳು ನಂಬುತ್ತಾಳೆ. ಆದರೆ ಆಂತರಿಕ ಅಂಕಗಳು 6, 7, 9, 8 ಸೇರಿ 30, ಪರೀಕ್ಷೆಯ ಶೇ. 45 ಎಂದರೆ 60ಕ್ಕೆ 27. ಒಟ್ಟು 57. ಇದು ದ್ವಿತೀಯ ದರ್ಜೆ. ಇಲ್ಲಿ ಯಾರೂ ಅನ್ಯಾಯ ಮಾಡಿಲ್ಲ. ಒಂದೊಂದಕ್ಕೂ ಒಂದೇ ತೂಕವೆಂದು ಅವಳು ಭಾವಿಸಿದ್ದಳು, ಅಷ್ಟೆ. ಆದರೆ ಪರೀಕ್ಷೆಯೊಂದೇ ಉಳಿದ ಪ್ರತಿಯೊಂದಕ್ಕಿಂತ ಆರು ಪಟ್ಟು ತೂಗುತ್ತದೆ ಎಂಬುದನ್ನು ಅವಳಿಗೆ ಮೊದಲೇ ತಿಳಿಸುವವರು ಇರಲಿಲ್ಲ.

ಕ್ರೆಡಿಟ್‌ಗಳ ವಿಷಯದಲ್ಲಿಯೂ ಇದೇ ತಪ್ಪು ಮರುಕಳಿಸುತ್ತದೆ. ಸೆಮಿಸ್ಟರೊಂದರಲ್ಲಿ ನಾಲ್ಕು ಕ್ರೆಡಿಟ್‌ಗಳ ನಾಲ್ಕು ಪತ್ರಿಕೆಗಳಿದ್ದು ಅವುಗಳಲ್ಲಿ 7, 6, 8, 7 ಗ್ರೇಡ್ ಅಂಕಗಳೂ, ಎರಡು ಕ್ರೆಡಿಟ್‌ನ ಪತ್ರಿಕೆಯೊಂದರಲ್ಲಿ 10 ಗ್ರೇಡ್ ಅಂಕವೂ ಬಂದಿವೆ ಎನ್ನೋಣ. ಸುಮ್ಮನೆ ಸರಾಸರಿ ತೆಗೆದರೆ 7.6. ಆದರೆ ಪ್ರತಿ ಗ್ರೇಡ್ ಅಂಕವನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಬಂದುದನ್ನು ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಬೇಕು. ಆಗ 132ನ್ನು 18ರಿಂದ ಭಾಗಿಸಿದಂತಾಗಿ 7.33 ಬರುತ್ತದೆ. ಹತ್ತರ ಗ್ರೇಡ್ ಪಡೆದ ಪತ್ರಿಕೆಯ ಸಂತೋಷ ದೊಡ್ಡದು, ಅದರ ತೂಕ ಮಾತ್ರ ಅರ್ಧ.

2

‘ನಾವು ಸಾಹಿತ್ಯದವರು, ಲೆಕ್ಕ ನಮ್ಮದಲ್ಲ’ ಎಂಬ ಮಾತು ನಮ್ಮ ವಿಭಾಗಗಳಲ್ಲಿ ವಿನೋದವಾಗಿಯೂ ಕೆಲವೊಮ್ಮೆ ಹೆಮ್ಮೆಯಾಗಿಯೂ ಕೇಳಿಬರುತ್ತದೆ. ಕನ್ನಡದ ಪರಂಪರೆ ಈ ಮಾತನ್ನು ಸಮರ್ಥಿಸುವುದಿಲ್ಲ. ಅಮೋಘವರ್ಷ ನೃಪತುಂಗನ ಆಳ್ವಿಕೆಯೆಂದರೆ ನಮಗೆ ಕವಿರಾಜಮಾರ್ಗ ನೆನಪಾಗುತ್ತದೆ. ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನೂ ಅದೇ ಅರಸನ ಕಾಲದವನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಕೃತಿಗಳನ್ನು ಕನ್ನಡದಲ್ಲಿಯೇ ಬರೆದನು. ಮಹಾವೀರನು ವಿವರಿಸುವ ಮಿಶ್ರಣದ ಗಣಿತದಲ್ಲಿ ಚಿನ್ನದ ಲೆಕ್ಕವೂ ಸೇರಿದೆ. ಬೇರೆ ಬೇರೆ ಬಣ್ಣದ, ಅಂದರೆ ಬೇರೆ ಬೇರೆ ಶುದ್ಧತೆಯ, ಚಿನ್ನದ ತುಂಡುಗಳನ್ನು ಕೂಡಿಸಿ ಕರಗಿಸಿದರೆ ಬರುವ ಗಟ್ಟಿಯ ಬಣ್ಣವೆಷ್ಟು ಎಂಬುದು ಅದರ ಪ್ರಶ್ನೆ. ಹತ್ತು ಗುಂಜಿ ತೂಕದ 12 ಬಣ್ಣದ ಚಿನ್ನಕ್ಕೆ ಎರಡು ಗುಂಜಿ ತೂಕದ 6 ಬಣ್ಣದ ಚಿನ್ನವನ್ನು ಸೇರಿಸಿದರೆ ಬರುವುದು 9 ಬಣ್ಣವಲ್ಲ, 11 ಬಣ್ಣ. ತೂಕವನ್ನು ಬಿಟ್ಟು ಬಣ್ಣವನ್ನಷ್ಟೇ ಸರಾಸರಿ ಮಾಡುವ ಅಕ್ಕಸಾಲಿಗನು ಒಂದೇ ದಿನದಲ್ಲಿ ಅಂಗಡಿ ಮುಚ್ಚಬೇಕಾಗುತ್ತದೆ. ಇಂದಿನ ಅಂಕಪಟ್ಟಿಯ ಲೆಕ್ಕ ಈ ಚಿನ್ನದ ಲೆಕ್ಕವೇ ಆಗಿದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಾವು ನಿತ್ಯ ಬೋಧಿಸುವ ಛಂದಸ್ಸೇ ತೂಕದ ಗಣಿತ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆಗಳಿರಬೇಕು. ಅಲ್ಲಿ ಹತ್ತು ಅಕ್ಷರಗಳಿರಬಹುದು, ಹನ್ನೊಂದಿರಬಹುದು. ಅಕ್ಷರಗಳನ್ನು ಎಣಿಸಿ ಮಾತ್ರಾಗಣದ ಪದ್ಯವನ್ನು ನಿರ್ಣಯಿಸುವ ವಿದ್ಯಾರ್ಥಿಯನ್ನು ನಾವು ಒಡನೆಯೇ ತಿದ್ದುತ್ತೇವೆ. ಅದೇ ವಿದ್ಯಾರ್ಥಿಯು ತನ್ನ ಪರೀಕ್ಷೆಗಳನ್ನು ಬರಿದೇ ಎಣಿಸಿ ಫಲಿತಾಂಶವನ್ನು ನಿರ್ಣಯಿಸಿದಾಗ ಸುಮ್ಮನಿರುತ್ತೇವೆ. ಪ್ರಸ್ತಾರ ಹಾಕಬಲ್ಲವನಿಗೆ ಈ ಲೆಕ್ಕ ಕಷ್ಟವಾಗಲಾರದು. ಕಲಿಯುವ ಶಕ್ತಿ ಅವನಲ್ಲಿದೆ. ಕೊರತೆಯಿರುವುದು ನಾವು ಹೇಳಿಕೊಡದಿರುವುದರಲ್ಲಿ.

3

ಈ ಲೆಕ್ಕ ತಿಳಿದರೆ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಮುಖ್ಯ ಪ್ರಯೋಜನವೆಂದರೆ ಪರೀಕ್ಷೆಯ ನಂತರ ತಿಳಿಯುವುದನ್ನು ಪರೀಕ್ಷೆಗೆ ಮೊದಲೇ ತಿಳಿಯಬಹುದು. ಮೇಲಿನ ವಿದ್ಯಾರ್ಥಿನಿಗೆ ಆಂತರಿಕವಾಗಿ 30 ಅಂಕಗಳು ದೊರೆತಿವೆ. ಅವಳಿಗೆ 60 ಬೇಕಿದ್ದರೆ ಸೆಮಿಸ್ಟರ್ ಪರೀಕ್ಷೆಯಲ್ಲಿ 30, ಅಂದರೆ ಶೇ. 50 ಸಾಕು. 70 ಬೇಕಿದ್ದರೆ 40, ಅಂದರೆ ಸುಮಾರು ಶೇ. 67 ಬೇಕು. 95ರ ಆಸೆಯಿದ್ದರೆ 60ಕ್ಕೆ 65 ತೆಗೆಯಬೇಕಾಗುತ್ತದೆ. ಅದು ಆಗದ ಮಾತು. ಬೇಕಾದ ಮೊತ್ತದಿಂದ ಬಂದಿರುವುದನ್ನು ಕಳೆದು, ಉಳಿದುದನ್ನು ಉಳಿದ ತೂಕಕ್ಕೆ ಹೋಲಿಸುವುದಷ್ಟೇ ಇದರ ಕ್ರಮ. ಎರಡು ಪತ್ರಿಕೆಗಳ ನಡುವೆ ಓದಿನ ಸಮಯವನ್ನು ಹಂಚಿಕೊಳ್ಳಬೇಕಾದ ವಿದ್ಯಾರ್ಥಿಗೆ, ಅದರಲ್ಲೂ ಕೆಲಸ ಮಾಡುತ್ತ ಓದುವವರಿಗೆ, ಇಂತಹ ತಿಳಿವಳಿಕೆಯ ಬೆಲೆ ಹೆಚ್ಚು.

ಇದರೊಂದಿಗೆ ಕನಿಷ್ಠ ಅಂಕಗಳ ನಿಯಮವನ್ನೂ ತಿಳಿಸಬೇಕು. ಸೆಮಿಸ್ಟರ್ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಶೇ. 40 ಪಡೆಯಬೇಕೆಂಬ ನಿಯಮವಿದ್ದರೆ 60ಕ್ಕೆ 24 ಬೇಕಾಗುತ್ತದೆ. ಆಂತರಿಕ 30ರೊಂದಿಗೆ ಪರೀಕ್ಷೆಯಲ್ಲಿ 20 ಪಡೆದವನ ಮೊತ್ತ 50 ಆದರೂ ಅವನು ಉತ್ತೀರ್ಣನಲ್ಲ. ಮೊತ್ತವನ್ನಷ್ಟೇ ನೋಡಿ ನೆಮ್ಮದಿಯಿಂದಿದ್ದವನಿಗೆ ಇದು ಫಲಿತಾಂಶದ ದಿನದ ಆಘಾತ.

ಸ್ನಾತಕೋತ್ತರ ಹಂತದಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 55, ಮೀಸಲಾತಿಗೆ ಒಳಪಟ್ಟವರಿಗೆ ಶೇ. 50 ಅಂಕಗಳ ಮಿತಿಯಿದೆ. ಎಂ.ಎ. ಮುಗಿಸಿ ಅಧ್ಯಾಪಕರಾಗಬಯಸುವ ನಮ್ಮ ವಿದ್ಯಾರ್ಥಿಗಳ ಭವಿಷ್ಯ ಕೆಲವೊಮ್ಮೆ ಈ ಗೆರೆಯ ಆಚೆ ಈಚೆಗಿನ ಒಂದೆರಡು ಅಂಕಗಳಲ್ಲಿ ನಿಂತಿರುತ್ತದೆ. ಮೂರನೆಯ ಸೆಮಿಸ್ಟರಿನಲ್ಲಿ ತಾನೆಲ್ಲಿದ್ದೇನೆ ಎಂದು ತಿಳಿದವನು ನಾಲ್ಕನೆಯದರಲ್ಲಿ ಸರಿಪಡಿಸಿಕೊಳ್ಳಬಲ್ಲ. ಪದವಿ ಪ್ರಮಾಣಪತ್ರ ಕೈಗೆ ಬಂದ ಮೇಲೆ ತಿಳಿದವನಿಗೆ ದಾರಿಗಳು ಕಡಿಮೆ.

4

ಇಲ್ಲಿಯವರೆಗೆ ಹೇಳಿದ್ದು ವಿದ್ಯಾರ್ಥಿಗೆ ಸಂಬಂಧಿಸಿದುದು. ನಮಗೆ ಸಂಬಂಧಿಸಿದ, ಇನ್ನೂ ಮುಜುಗರದ ಅಂಶವೊಂದಿದೆ. ಕಾಗದದ ಮೇಲೆ ಘೋಷಿಸಿದ ತೂಕವೂ ವಾಸ್ತವದಲ್ಲಿ ಕೆಲಸ ಮಾಡುವ ತೂಕವೂ ಒಂದೇ ಆಗಿರಬೇಕಾಗಿಲ್ಲ.

ತರಗತಿಯೊಂದರಲ್ಲಿ ಎಲ್ಲರಿಗೂ ಆಂತರಿಕ ಅಂಕ 40ಕ್ಕೆ 36ರಿಂದ 38ರೊಳಗೆ ಬಂದಿದೆ. ಸೆಮಿಸ್ಟರ್ ಪರೀಕ್ಷೆಯ ಅಂಕ 60ಕ್ಕೆ 18ರಿಂದ 51ರವರೆಗೆ ಹರಡಿದೆ ಎಂದು ಭಾವಿಸೋಣ. ಇಬ್ಬರು ವಿದ್ಯಾರ್ಥಿಗಳ ನಡುವೆ ಮೊತ್ತದಲ್ಲಿ ಬರಬಹುದಾದ ಗರಿಷ್ಠ ಅಂತರ 35 ಅಂಕ. ಅದರಲ್ಲಿ ಆಂತರಿಕ ಮೌಲ್ಯಮಾಪನದ ಪಾಲು 2 ಅಂಕ ಮಾತ್ರ. ಅಂದರೆ ನಿಯಮಾವಳಿಯಲ್ಲಿ ಶೇ. 40 ತೂಕವಿರುವ ಭಾಗವು ವಿದ್ಯಾರ್ಥಿಗಳ ಸ್ಥಾನ ನಿರ್ಣಯದಲ್ಲಿ ಶೇ. 6ರಷ್ಟೂ ತೂಗುತ್ತಿಲ್ಲ. ಎಲ್ಲರಿಗೂ ಸಮನಾಗಿ ಕೊಟ್ಟ ಅಂಕವು ಎಲ್ಲರ ಮೊತ್ತವನ್ನೂ ಏರಿಸುತ್ತದೆಯೇ ಹೊರತು ಯಾರ ಸಾಮರ್ಥ್ಯವನ್ನೂ ಹೇಳುವುದಿಲ್ಲ.

ಆಂತರಿಕ ಅಂಕಗಳನ್ನು ಉದಾರವಾಗಿ ಹಂಚುವ ರೂಢಿಗೆ ಕಾರಣಗಳಿಲ್ಲದಿಲ್ಲ. ಹಳ್ಳಿಗಳಿಂದ ಬಂದ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ವಿದ್ಯಾರ್ಥಿಗಳ ಬಗೆಗಿನ ಕಳಕಳಿ ಅದರ ಹಿಂದಿದೆ. ಆ ಕಳಕಳಿಯನ್ನು ಗೌರವಿಸಬೇಕು. ಆದರೆ ಅದರ ಫಲವೇನೆಂಬುದನ್ನೂ ನೋಡಬೇಕು. ವಾರಗಟ್ಟಲೆ ಊರೂರು ತಿರುಗಿ ಜನಪದ ಗೀತೆಗಳನ್ನು ಸಂಗ್ರಹಿಸಿ ತಂದ ವಿದ್ಯಾರ್ಥಿನಿಗೆ 38, ಹಿಂದಿನ ವರ್ಷದ ಬರಹವನ್ನು ನಕಲು ಮಾಡಿ ತಂದವನಿಗೆ 37. ಕ್ಷೇತ್ರಕಾರ್ಯ, ಹಸ್ತಪ್ರತಿ ಓದು, ವಿಮರ್ಶಾ ಬರಹ ಇವು ಮೂರು ಗಂಟೆಯ ಪರೀಕ್ಷೆಯಲ್ಲಿ ಅಳೆಯಲಾಗದ ಕೌಶಲಗಳು; ಇವುಗಳಿಗಾಗಿಯೇ ಆಂತರಿಕ ಮೌಲ್ಯಮಾಪನ ಬಂದದ್ದು. ನಮ್ಮ ಔದಾರ್ಯದಿಂದಾಗಿ ಇವುಗಳ ತೂಕವೇ ಇಲ್ಲವಾಗಿ, ಕಡೆಗೆ ಕಂಠಪಾಠದ ಪರೀಕ್ಷೆಯೊಂದೇ ತೀರ್ಪು ಕೊಡುತ್ತದೆ. ಯಾರಿಗೆ ನೆರವಾಗಬೇಕೆಂದು ಹೊರಟೆವೋ ಅವರಲ್ಲಿ ನಿಜವಾಗಿ ದುಡಿದವರಿಗೇ ನಷ್ಟ.

5

ಈ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಸಾಹಿತ್ಯದ ಓದನ್ನು ತೂಕ ಹಾಕಬಾರದು ಎಂಬುದು ಮೊದಲನೆಯದು. ಅದು ತಾತ್ವಿಕವಾಗಿ ಬೆಲೆಯುಳ್ಳ ಮಾತೇ. ಆದರೆ ಅಂಕಪಟ್ಟಿಗೆ ಸಹಿ ಹಾಕುವ ಪ್ರತಿಯೊಬ್ಬ ಅಧ್ಯಾಪಕನೂ ಈಗಾಗಲೇ ತೂಕ ಹಾಕಿಯಾಗಿದೆ. ಅದನ್ನು ತೆರೆದು ಹೇಳಬೇಕೇ ಮುಚ್ಚಿಡಬೇಕೇ ಎಂಬುದಷ್ಟೇ ಉಳಿದಿರುವ ಪ್ರಶ್ನೆ. ಲೆಕ್ಕ ಕಲಿಸಿದರೆ ವಿದ್ಯಾರ್ಥಿಗಳು ಅಂಕಗಳ ಬೆನ್ನುಹತ್ತುತ್ತಾರೆ ಎಂಬುದು ಎರಡನೆಯದು. ಅನುಭವ ಹೇಳುವುದು ಬೇರೆ. ಲೆಕ್ಕ ತಿಳಿಯದವನೇ ಪ್ರತಿಯೊಂದು ಅಂಕಕ್ಕೂ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಲ್ಲುತ್ತಾನೆ, ಊಹಾಪೋಹಗಳನ್ನು ನಂಬುತ್ತಾನೆ, ಕಡಿಮೆ ಬಂದಾಗ ಪಕ್ಷಪಾತವನ್ನು ಶಂಕಿಸುತ್ತಾನೆ. ತನ್ನ ಸ್ಥಿತಿ ತನಗೆ ತಿಳಿದವನು ಉಳಿದ ಸಮಯವನ್ನು ಪಠ್ಯಕ್ಕೆ ಕೊಡಬಲ್ಲ.

ಆದ್ದರಿಂದ ಕನ್ನಡ ವಿಭಾಗಗಳು ಕೆಲವು ಕ್ರಮಗಳನ್ನು ಕೈಗೊಳ್ಳುವುದು ಉಚಿತ. ಪ್ರತಿ ಪತ್ರಿಕೆಯ ಮೊದಲ ವಾರದಲ್ಲಿ ಮೌಲ್ಯಮಾಪನದ ಅಂಗಗಳು, ಅವುಗಳ ತೂಕ, ಕನಿಷ್ಠ ಅಂಕ, ಒಂದು ಮಾದರಿ ಲೆಕ್ಕ ಇಷ್ಟನ್ನು ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದು ಕೊಡಬೇಕು. ಇಂಗ್ಲಿಷಿನ ನಿಯಮಾವಳಿಯಲ್ಲಿರುವ ಸೂತ್ರವನ್ನು ‘ಗ್ರೇಡ್ ಅಂಕವನ್ನು ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿ’ ಎಂಬಂತಹ ಸರಳ ವಾಕ್ಯದಲ್ಲಿ ಹೇಳಬೇಕು. ಆಂತರಿಕ ಅಂಕಗಳನ್ನು ಸೆಮಿಸ್ಟರ್ ಪರೀಕ್ಷೆಗೆ ಮುನ್ನವೇ, ಬಿಡಿಬಿಡಿಯಾಗಿ, ವಿದ್ಯಾರ್ಥಿಗೆ ತೋರಿಸಬೇಕು. ಸೆಮಿಸ್ಟರಿನ ಕೊನೆಯಲ್ಲಿ ವಿಭಾಗದ ಸಭೆಯು ಆಂತರಿಕ ಅಂಕಗಳ ಹರಹನ್ನು ಪರಿಶೀಲಿಸಿ, ಘೋಷಿಸಿದ ತೂಕ ನಿಜವಾಗಿ ಕೆಲಸ ಮಾಡಿತೇ ಎಂದು ನೋಡಬೇಕು. ಅಧ್ಯಯನ ಮಂಡಳಿಗಳು ಸೆಮಿನಾರಿಗೆ ಐದೇ ಅಂಕ ಏಕೆ, ಕ್ಷೇತ್ರಕಾರ್ಯಕ್ಕೆ ಹದಿನೈದು ಏಕೆ ಎಂಬುದಕ್ಕೆ ಎರಡು ಸಾಲಿನ ಸಮರ್ಥನೆಯನ್ನಾದರೂ ದಾಖಲಿಸಬೇಕು. ತೂಕವನ್ನು ನಿಗದಿಪಡಿಸುವುದೆಂದರೆ ಕನ್ನಡ ಅಧ್ಯಯನದಲ್ಲಿ ಯಾವುದು ಮುಖ್ಯವೆಂದು ನಿರ್ಧರಿಸುವುದು. ಅದು ವಿದ್ವತ್ತಿನ ನಿರ್ಧಾರವೇ ಹೊರತು ಗುಮಾಸ್ತಿಕೆಯಲ್ಲ.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶ ಬೇಕಿಲ್ಲ, ಹಣವೂ ಬೇಕಿಲ್ಲ. ಮುಂದಿನ ಸೆಮಿಸ್ಟರಿನ ಮೊದಲ ವಾರ, ಪಠ್ಯವನ್ನು ತೆರೆಯುವ ಮುನ್ನ, ಕಪ್ಪುಹಲಗೆಯ ಮೇಲೆ ಹತ್ತು ನಿಮಿಷದ ಲೆಕ್ಕವೊಂದನ್ನು ಬರೆಯುವುದರಿಂದ ಈ ಕೆಲಸವನ್ನು ಆರಂಭಿಸಬಹುದು.