ಕುರಿಂಜಿಗೆ ನೆರಳಿನ ದಾನ ಬೇಡ

ಮುಂಬರುವ ವಾರ್ಷಿಕೋತ್ಸವದ ಅಂಗವಾಗಿ, ಕೊಡೈಕೆನಾಲಿನ ಸಮೀಪ ಸದಸ್ಯರೊಬ್ಬರಿಗೆ ಸೇರಿದ ‘ಬೋಳುಗುಡ್ಡ’ದಲ್ಲಿ ಒಂದು ಸಾವಿರ ಸಸಿಗಳನ್ನು ನೆಡಬೇಕೆಂಬ ಸಲಹೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಅದನ್ನು ವಿರೋಧಿಸಿದವನು ನಾನೊಬ್ಬನೇ. “ಮರ ನೆಡುವುದನ್ನೂ ಬೇಡವೆನ್ನುವವರು ಉಂಟೇನ್ರೀ?” ಎಂದು ಹಿರಿಯರೊಬ್ಬರು ನಕ್ಕರು. ಆ ನಗೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ.

ಆ ಗುಡ್ಡವನ್ನು ನಾವು ಬಲ್ಲೆವು. 2018ರಲ್ಲಿ ಸಂಘದ ಪ್ರವಾಸದಲ್ಲಿ ನೀಲಕುರಿಂಜಿ ಅರಳಿದ್ದನ್ನು ಕಂಡು ನಾವು ಬೆರಗಾದದ್ದು ಅಲ್ಲಿಯೇ. ನೀಲಗಿರಿ, ಆನಮಲೆ, ಪಳನಿ, ಮುನ್ನಾರ್‌ಗಳ ಎತ್ತರದ ಹುಲ್ಲುಗಾವಲುಗಳನ್ನು ನೆಚ್ಚಿಕೊಂಡ ಪೊದೆಗಿಡವಿದು. ಹನ್ನೆರಡು ವರ್ಷಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು, ಬೀಜ ಕಟ್ಟಿ, ಒಟ್ಟಾಗಿಯೇ ಸಾಯುತ್ತದೆ. 1994, 2006, 2018 ಕಳೆದವು, ಮುಂದಿನದು 2030. ಈಗ ಆ ಇಳಿಜಾರಿನಲ್ಲಿರುವುದು 2018ರ ಹೂಗಳ ಸಂತಾನ. ಸದ್ಯಕ್ಕೆ ಹೂವಿಲ್ಲದ ಹಸಿರು ಪೊದೆ. ಆದ್ದರಿಂದಲೇ ನಮ್ಮ ಕಣ್ಣಿಗೆ ಬರಿಯ ಕುರುಚಲು.

ನನ್ನ ಮೊದಲ ಆಕ್ಷೇಪ ‘ಬೋಳುಗುಡ್ಡ’ವೆಂಬ ಮಾತಿಗೇ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಇಳಿಜಾರಿನಲ್ಲಿ ಹುಲ್ಲು: ಈ ಬೆಟ್ಟಗಳ ಸಹಜ ರೂಪವೇ ಅದು. ಯಾರೋ ಕಾಡು ಕಡಿದದ್ದರಿಂದ ಉಳಿದ ಬಯಲಲ್ಲ. ನೀಲಗಿರಿಯ ಜೌಗುಮಣ್ಣಿನ ಅಧ್ಯಯನಗಳು ಅಲ್ಲಿನ ಹುಲ್ಲುಗಾವಲು ಇಪ್ಪತ್ತು ಸಾವಿರ ವರ್ಷಗಳಿಗೂ ಹಳೆಯದೆಂದು ತೋರಿಸಿವೆ. ಆದರೆ ಮರವಿಲ್ಲದ ನೆಲವೆಲ್ಲ ಪಾಳು ಎಂದು ಬಗೆದ ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಆಸ್ಟ್ರೇಲಿಯದಿಂದ ವಾಟಲ್, ಯೂಕಲಿಪ್ಟಸ್ ತಂದರು. ಸ್ವಾತಂತ್ರ್ಯಾನಂತರ ನಮ್ಮವರೇ ಕಾರ್ಖಾನೆಗಳ ಕಚ್ಚಾವಸ್ತುವಿಗಾಗಿ ಅವನ್ನು ಬೆಟ್ಟದುದ್ದಕ್ಕೂ ಹಬ್ಬಿಸಿದರು.

ನಮ್ಮ ಭಾಷೆಯ ವಿಪರ್ಯಾಸವನ್ನೂ ನೋಡಿರಿ. ಕುರಿಂಜಿಯ ನೀಲಿಯಿಂದಲೇ ಆ ಗಿರಿಗೆ ಹೆಸರು ಬಂದಿತೆಂದು ಹಲವರು ನಂಬುತ್ತಾರೆ. ಕನ್ನಡಿಗರಾದ ನಾವು ‘ನೀಲಗಿರಿ’ ಎಂದು ಕರೆಯುವುದು ಯಾವ ಮರವನ್ನು? ಕುರಿಂಜಿಯ ನೆಲವನ್ನು ಕಸಿದುಕೊಂಡ ಯೂಕಲಿಪ್ಟಸ್ಸನ್ನು! ಕಳೆದುಕೊಂಡವರ ಹೆಸರನ್ನೂ ಕಿತ್ತು ಕಸಿದುಕೊಂಡವನಿಗೆ ಕೊಟ್ಟಿದ್ದೇವೆ.

ನಷ್ಟದ ಲೆಕ್ಕವೂ ಇದೆ. 1973ರಿಂದ 2014ರವರೆಗಿನ ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದ ಸಂಶೋಧಕರು, ಪಳನಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಮೂರರಲ್ಲಿ ಎರಡು ಪಾಲು ಅಳಿದಿದೆಯೆಂದು 2018ರಲ್ಲಿ ಪ್ರಕಟಿಸಿದರು. ಮುಖ್ಯ ಕಾರಣಗಳು ನೆಡುತೋಪು ಮತ್ತು ಬೇಸಾಯ. 2024ರಲ್ಲಿ ನೀಲಕುರಿಂಜಿ ಅಂತಾರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿತು. ನೆಡುತೋಪುಗಳಿಂದ ಬೆಟ್ಟದ ಬಡವರಿಗೆ ಸೌದೆ ಸಿಕ್ಕಿತು, ಶೋಲಾ ಕಾಡಿನ ಮೇಲೆ ಕೊಡಲಿಯ ಹೊಡೆತ ತಗ್ಗಿತು ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಸಂಘದ ಸಾವಿರ ಸಸಿಗಳು ಯಾರ ಒಲೆಯನ್ನೂ ಉರಿಸಲಾರವು; ಸ್ಮರಣ ಸಂಚಿಕೆಯ ಒಂದು ಛಾಯಾಚಿತ್ರಕ್ಕೆ ಒದಗಬಹುದು, ಅಷ್ಟೆ.

ನಾನೂ ನಿರಪರಾಧಿಯಲ್ಲ. ಅಂದು ಹಿಂದಿರುಗುವಾಗ ನಮ್ಮ ಬಸ್ಸಿನಲ್ಲಿ ಕಿತ್ತ ಕುರಿಂಜಿಯ ಟೊಂಗೆಗಳಿದ್ದವು. ಒಂದು ನನ್ನ ಮಡಿಲಲ್ಲೇ ಇತ್ತು. ವತ್ತಲಗುಂಡು ತಲುಪುವ ಮೊದಲೇ ಬಾಡಿತು, ಕಿಟಕಿಯಿಂದ ಎಸೆದೆ. ಜೀವಮಾನದಲ್ಲಿ ಒಮ್ಮೆ ಮಾತ್ರ ಬೀಜ ಕಟ್ಟುವ ಗಿಡದ ಹೂವನ್ನು ಕಿತ್ತರೆ ಅದರ ಪೀಳಿಗೆಗೇ ಕತ್ತರಿ ಎಂಬುದು ನನಗಾಗ ತಿಳಿದಿರಲಿಲ್ಲ. ಈಗ ತಿಳಿದಿದೆ, ತಿಳಿದ ಮೇಲೆ ಸುಮ್ಮನಿರುವುದು ಇನ್ನೂ ದೊಡ್ಡ ತಪ್ಪಾದೀತು.

“ತಮಿಳುನಾಡಿನ ಗಿಡದ ಗೊಡವೆ ಕನ್ನಡ ಸಂಘಕ್ಕೇಕೆ?” ಎಂಬ ಪ್ರಶ್ನೆಯೂ ಕೇಳಿಬಂತು. 2022ರಲ್ಲಿ ಚಂದ್ರದ್ರೋಣದ ಬೆಟ್ಟಗಳಲ್ಲಿ ಇದೇ ಬಳಗದ ಹೂ ಅರಳಿದಾಗ “ನಮ್ಮ ಕುರಿಂಜಿ” ಎಂದು ಹೆಮ್ಮೆಪಟ್ಟು ಬಂಧುಗಳಿಗೆ ದೂರವಾಣಿ ಮಾಡಿದವರೂ ನಾವೇ ತಾನೆ? ಅಲ್ಲಿಯದು ನಮ್ಮದು, ಇಲ್ಲಿಯದು ಪರರದು ಎನ್ನುವುದಾದರೆ, ಮೂರು ತಲೆಮಾರು ಇಲ್ಲಿನ ನೀರು ಕುಡಿದು ಬಾಳಿದ್ದಕ್ಕೆ ಏನರ್ಥ? ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳುವ ಹಕ್ಕನ್ನು ಕೇಳುವ ನಾವು, ನಮಗೆ ಠಾವು ಕೊಟ್ಟ ನೆಲದ ಹೂವು ತನ್ನ ನೆಲದಲ್ಲಿ ಉಳಿಯುವ ಹಕ್ಕನ್ನು ಕಡೆಗಣಿಸಲಾಗದು. ಸಂಗಂ ಕವಿಗಳು ಬೆಟ್ಟದ ಸೀಮೆಗೆ, ಪ್ರೇಮಿಗಳ ಮಿಲನದ ಭಾವಕ್ಕೆ ಇಟ್ಟ ಹೆಸರೇ ಕುರಿಂಜಿ. ಹೂ ಅಳಿದರೆ ಆ ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾದೀತು.

ಆದ್ದರಿಂದ ಸಮಿತಿಯಲ್ಲಿ ನನ್ನ ವಿನಂತಿ ಇಷ್ಟೇ: ಸಸಿ ನೆಡುವ ನಿರ್ಣಯವನ್ನು ಕೈಬಿಡಿರಿ. ಅದೇ ಹಣದಲ್ಲಿ, ಬಲ್ಲವರ ಮಾರ್ಗದರ್ಶನದಲ್ಲಿ, ಆ ಇಳಿಜಾರಿಗೆ ನುಗ್ಗಿರುವ ವಾಟಲ್ ಸಸಿಗಳನ್ನು ಕೀಳಿಸೋಣ. ಇದಕ್ಕೆ ಫಲಕವಿರದು, ಉದ್ಘಾಟನೆ ಇರದು. 2030ರಲ್ಲಿ ಮತ್ತೆ ಬಸ್ಸು ಹತ್ತೋಣ. ಹೋಗುವಾಗಲೂ ಬರುವಾಗಲೂ ಕೈ ಬರಿದಾಗಿರಲಿ.