ದಂಪತಿಗಳೂ ಪರದೇಶದ ಪಟ್ಟಣವೂ

"ಕೋಶ ಓದು, ದೇಶ ಸುತ್ತು" ಎಂದು ನಮ್ಮ ಹಿರಿಯರು ಹೇಳಿದರು. ಆದರೆ ಯಾರ ಜೊತೆಯಲ್ಲಿ ಸುತ್ತಬೇಕು, ಹೋದ ಊರಿನಲ್ಲಿ ಮೊದಲನೆಯ ದಿನ ಏನು ಮಾಡಬೇಕು ಎಂಬುದನ್ನು ಅವರು ಹೇಳಲಿಲ್ಲ. ಗಾದೆಗಳಿಗೆ ಅಷ್ಟು ವ್ಯವಧಾನವಿರುವುದಿಲ್ಲ. ಆ ಕೊರತೆಯನ್ನು ತುಂಬುವ ಸಾಹಸವನ್ನು ಈ ಪುಟಗಳಲ್ಲಿ ಕೈಗೊಂಡಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವೆನು. ಗಂಡಹೆಂಡಿರು ಜೊತೆಯಾಗಿ ಪರದೇಶದ ದೊಡ್ಡ ಪಟ್ಟಣವೊಂದಕ್ಕೆ ಹೋದರೆ, ಮೊದಲನೆಯ ದಿನವನ್ನು ಮಾರ್ಗದರ್ಶಿಯ ಕೈಗಾಗಲಿ, ಪ್ರವಾಸ ಸಂಸ್ಥೆಯ ಬಸ್ಸಿಗಾಗಲಿ ಒಪ್ಪಿಸಬಾರದು. ಆ ದಿನ ಇಬ್ಬರಿಗೂ ದಾರಿ ತಿಳಿದಿರುವುದಿಲ್ಲ. ಇಬ್ಬರೂ ಸಮಾನವಾಗಿ ತಿಳಿಯದವರಾಗುವ ದಿನಗಳು ಸಂಸಾರದಲ್ಲಿ ಬಹಳ ಸಿಕ್ಕುವುದಿಲ್ಲ. ಸಿಕ್ಕಿದ ಒಂದನ್ನು ಹಣ ಕೊಟ್ಟು ಕಳೆದುಕೊಳ್ಳುವುದು ಜಾಣತನವಲ್ಲ.

ನಮ್ಮ ಮನೆಗಳ ವ್ಯವಸ್ಥೆಯನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಹೊಸಿಲಿನಿಂದ ಒಳಗಿನದು ಹೆಂಡತಿಗೆ, ಹೊರಗಿನದು ಗಂಡನಿಗೆ ಎಂದು ಯಾವ ಕಾಲದಲ್ಲೋ ಪಾಲಾಯಿತು. ಈಗ ಹೆಂಗಸರು ಓದಿದ್ದಾರೆ, ಕಚೇರಿಗೆ ಹೋಗುತ್ತಾರೆ, ವಾಹನ ನಡೆಸುತ್ತಾರೆ; ಇದೆಲ್ಲ ನಿಜ. ಆದರೂ ಪ್ರವಾಸಕ್ಕೆ ಹೊರಟ ಸಂಸಾರವೊಂದನ್ನು ರೈಲು ನಿಲ್ದಾಣದಲ್ಲಿ ನೋಡಿರಿ. ಮುಂದೆ ಟಿಕೆಟ್ಟು ಹಿಡಿದ ಗಂಡಸು, ನಾಲ್ಕು ಹೆಜ್ಜೆ ಹಿಂದೆ ಚೀಲ ಹಿಡಿದ ಹೆಂಗಸು. ದಾರಿ ಅವನಿಗೆ ಗೊತ್ತೆಂಬ ನಂಬಿಕೆಯೇ ಈ ನಾಲ್ಕು ಹೆಜ್ಜೆಗಳ ಅಂತರಕ್ಕೆ ಕಾರಣ. ಅವನಿಗೂ ಗೊತ್ತಿಲ್ಲದ ಊರಿಗೆ ಹೋದಾಗ ಆ ಅಂತರವು ಏನಾಗುವುದೆಂಬುದು ನೋಡತಕ್ಕ ವಿಷಯ.

ನಾನೂ ನನ್ನ ಪತ್ನಿಯೂ ಇಸ್ತಾಂಬೂಲಿನಲ್ಲಿ ಕಳೆದ ಮೊದಲನೆಯ ದಿನವನ್ನು ಇದಕ್ಕೆ ನಿದರ್ಶನವಾಗಿ ಕೊಡುತ್ತೇನೆ. ಇತಿಹಾಸದ ವಿದ್ಯಾರ್ಥಿಗಳಿಗೆ ಆ ನಗರದ ಪರಿಚಯ ಬೇಕಾಗಿಲ್ಲ. ಕ್ರಿ. ಶ. 330ರಲ್ಲಿ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ಅದನ್ನು ತನ್ನ ರಾಜಧಾನಿಯಾಗಿ ಪ್ರತಿಷ್ಠಾಪಿಸಿದನು. 1453ರಲ್ಲಿ ಅದು ತುರ್ಕರ ವಶವಾಯಿತು. 1786ರಲ್ಲಿ ಟಿಪ್ಪು ಸುಲ್ತಾನನು ಮೈಸೂರು ರಾಜ್ಯದಿಂದ ರಾಯಭಾರಿಗಳ ದೊಡ್ಡ ತಂಡವೊಂದನ್ನು ಅಲ್ಲಿಗೆ ಕಳುಹಿಸಿದ್ದನು. ಇಂದು ಅಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಜನರಿದ್ದಾರೆ. ನಡುವೆ ಬಾಸ್ಫರಸ್ ಜಲಸಂಧಿ ಹರಿದು, ನಗರದ ಒಂದು ಭಾಗವನ್ನು ಯುರೋಪಿಗೂ ಇನ್ನೊಂದನ್ನು ಏಷ್ಯಾಕ್ಕೂ ಹಂಚಿಕೊಟ್ಟಿದೆ.

ನಾವು ಇಳಿದುಕೊಂಡದ್ದು ಸಿರ್ಕೆಜಿ ಎಂಬಲ್ಲಿ, ಹಿಂದೆ ಓರಿಯೆಂಟ್ ಎಕ್ಸ್‌ಪ್ರೆಸ್ ಬಂದು ನಿಲ್ಲುತ್ತಿದ್ದ ಹಳೆಯ ರೈಲು ನಿಲ್ದಾಣದ ಹತ್ತಿರ. ಬೆಳಿಗ್ಗೆ ಎಂಟು ಗಂಟೆಗೆ ಬೀದಿಗಿಳಿದೆವು. ಬಳೆಯಾಕಾರದ, ಎಳ್ಳು ಮೆತ್ತಿದ ರೊಟ್ಟಿಯನ್ನು ಒಬ್ಬ ಮುದುಕನು ಗಾಡಿಯಲ್ಲಿಟ್ಟು ಮಾರುತ್ತಿದ್ದನು. ಅದಕ್ಕೆ ಸಿಮಿತ್ ಎಂದು ಹೆಸರು. ನಾನು ಇಂಗ್ಲಿಷಿನಲ್ಲಿ ಬೆಲೆ ಕೇಳಿದೆ. ಅವನು ತುರ್ಕಿಯಲ್ಲಿ ಉತ್ತರ ಕೊಟ್ಟನು. ನಾನು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಇಂಗ್ಲಿಷಿನಲ್ಲಿಯೇ ಕೇಳಿದೆ; ಅವನೂ ಸ್ವಲ್ಪ ಗಟ್ಟಿಯಾಗಿ ತುರ್ಕಿಯಲ್ಲಿಯೇ ಹೇಳಿದನು. ಅಷ್ಟರಲ್ಲಿ ನನ್ನ ಪತ್ನಿ ಎರಡು ಬೆರಳು ತೋರಿಸಿ, ಅಂಗೈಯಲ್ಲಿ ಚಿಲ್ಲರೆ ಹರಡಿ, ಎರಡು ರೊಟ್ಟಿಗಳನ್ನು ಕೊಂಡು ನನ್ನ ಕೈಗೊಂದು ಕೊಟ್ಟಳು. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಅವಳು, ನಾನು ಎಂ.ಎ. ಪದವೀಧರ. ಸಿಮಿತ್ ಮಾರುವವನಿಗೆ ಈ ಭೇದವು ತಿಳಿಯಲೇ ಇಲ್ಲ.

ಟ್ರಾಮು ಹತ್ತಿ ಗುಡ್ಡದ ಮೇಲಿನ ಚೌಕಕ್ಕೆ ಹೋದೆವು. ಒಂದು ಕಡೆ 537ರಲ್ಲಿ ಪೂರ್ಣಗೊಂಡ ಹಗಿಯಾ ಸೋಫಿಯಾ. ಇದಿರಿಗೆ ಆರು ಮಿನಾರುಗಳ ಸುಲ್ತಾನ್ ಅಹಮದ್ ಮಸೀದಿ. ಹಗಿಯಾ ಸೋಫಿಯಾ ಮೊದಲು ಇಗರ್ಜಿಯಾಗಿದ್ದು, 1453ರಲ್ಲಿ ಮಸೀದಿಯಾಗಿ, 1934ರ ನಿರ್ಣಯದಂತೆ ವಸ್ತುಸಂಗ್ರಹಾಲಯವಾಗಿ, 2020ರಲ್ಲಿ ಪುನಃ ಮಸೀದಿಯಾದ ಚರಿತ್ರೆಯನ್ನು ನಾನು ಆಕೆಗೆ ಹೇಳಿದೆ. ಅವಳು ಕೊನೆಯವರೆಗೂ ಕೇಳಿ, "ರೀ, ಸಾವಿರದೈನೂರು ವರ್ಷ ನಿಂತಿರೋ ಕಟ್ಟಡ ನಾಳೆ ಎಲ್ಲಿಗೂ ಓಡಿಹೋಗೋಲ್ಲ. ಇವತ್ತು ಜನಾನ ನೋಡೋಣ" ಎಂದಳು. ಆಕೆಯ ಮಾತನ್ನು ನಾನು ಒಪ್ಪಿದೆ. ಪ್ರವಾಸ ಸಂಸ್ಥೆಯ ಬಸ್ಸಿನಲ್ಲಿ ಬಂದಿದ್ದರೆ ಹಾಗೆ ಹೇಳುವ ಅವಕಾಶವೇ ಅವಳಿಗೆ ಇರುತ್ತಿರಲಿಲ್ಲ. ಒಪ್ಪುವ ಅವಕಾಶ ನನಗೂ ಇರುತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವಳು ಬೋರ್ಡುಗಳನ್ನು ಓದತೊಡಗಿದಳು. 1928ರಲ್ಲಿ ತುರ್ಕಿಯು ಅರಬ್ಬಿ ಲಿಪಿಯನ್ನು ಬಿಟ್ಟು ರೋಮನ್ ಲಿಪಿಯನ್ನು ಸ್ವೀಕರಿಸಿದ್ದರಿಂದ ಅಕ್ಷರಗಳು ನಮಗೆ ಪರಿಚಿತ. ಚೌಕದ ಹೆಸರಿನ ಕೊನೆಗೆ 'ಮೆಯ್‌ದಾನ್' ಎಂದಿತ್ತು. ಅದು ನಮ್ಮ ಮೈದಾನವೇ. ಕಿಟಕಿಯ ಬಟ್ಟೆಗಳ ಅಂಗಡಿಯಲ್ಲಿ 'ಪೆರ್ದೆ' ಎಂದಿತ್ತು, ಅದು ಪರದೆ. ಮೊಬೈಲಿಗೆ ಅಲ್ಲಿಯವರು 'ಜೆಪ್ ತೆಲೆಫೋನು' ಎನ್ನುತ್ತಾರೆ, ಜೇಬಿನ ಟೆಲಿಫೋನು! ಬಹಮನಿ, ಆದಿಲಶಾಹಿ, ಮೊಗಲ ಆಡಳಿತಗಳ ಕಾಲದಲ್ಲಿ ಪಾರಸಿ ಅರಬ್ಬಿ ಪದಗಳು ಕನ್ನಡಕ್ಕೆ ಬಂದವೆಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅದೇ ಮೂಲದ ಪದಗಳು ಆ ಕಡೆ ತುರ್ಕಿಗೂ ಹೋದವು. ತರಗತಿಯಲ್ಲಿ ಅದು ಪರೀಕ್ಷೆಯ ಪ್ರಶ್ನೆ. ಅಲ್ಲಿ ಅದೇ ಊಟಕ್ಕೂ ದಾರಿಗೂ ಒದಗಿತು.

ಮಧ್ಯಾಹ್ನದ ಹೊತ್ತಿಗೆ ಎಮಿನೊನು ಹಡಗುಕಟ್ಟೆಗೆ ಬಂದೆವು. ಏಷ್ಯಾದ ದಡಕ್ಕೆ ಸಮುದ್ರದ ಅಡಿಯಲ್ಲಿ 2013ರಿಂದ ರೈಲು ಓಡುತ್ತಿದೆ, ನಾನು ರೈಲೆಂದೆ. ಕೈಚೀಲ ಹಿಡಿದ ಹೆಂಗಸರು ಗುಂಪಾಗಿ ಹಡಗಿನತ್ತ ಹೋಗುತ್ತಿದ್ದುದನ್ನು ಅವಳು ನೋಡಿ, "ಇವರು ಸಂತೆಗೆ ಹೊರಟವರು, ಇವರ ಹಿಂದೆ ಹೋಗೋಣ" ಎಂದಳು. ಹಡಗು ಗೆದ್ದಿತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಯುರೋಪಿನಿಂದ ಏಷ್ಯಾ ಸೇರಿದೆವು. ದಾರಿಯುದ್ದಕ್ಕೂ ಕಡಲಹಕ್ಕಿಗಳು ಪಕ್ಕದಲ್ಲಿಯೇ ಹಾರುತ್ತಿದ್ದವು; ಜನರು ಸಿಮಿತ್ ಚೂರುಗಳನ್ನು ಎಸೆಯುತ್ತಿದ್ದರು. ನಡು ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಬಂದಿತು. ಅವಳು ಒಂದು ಗುಟುಕು ಕುಡಿದು, "ಕಷಾಯ" ಎಂದು ತೀರ್ಪು ಕೊಟ್ಟು, ಆಮೇಲೆ ಎರಡನೆಯ ಲೋಟ ತರಿಸಿದಳು.

ಕಾದಿಕೊಯ್ ಪೇಟೆಯಲ್ಲಿ ಮೀನು, ಆಲಿವ್ ಕಾಯಿ, ಉಪ್ಪಿನಕಾಯಿ, ಜನಜಂಗುಳಿ. ಸಸ್ಯಾಹಾರಿಗಳಾದ ನಮಗೆ ಹೊಟೇಲೊಂದರಲ್ಲಿ 'ಇಮಾಂ ಬಾಯಿಲ್ದಿ' ಎಂಬ ಪದಾರ್ಥ ದೊರೆಯಿತು. 'ಇಮಾಮರು ಮೂರ್ಛೆ ಹೋದರು' ಎಂದು ಅದರ ಅರ್ಥ. ಬದನೆಕಾಯಿಯನ್ನು ಸೀಳಿ, ಈರುಳ್ಳಿ ಟೊಮೇಟೊ ತುಂಬಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ಆರಿಸಿ ಕೊಡುತ್ತಾರೆ. ಇದು ನಮ್ಮ ಎಣ್ಣೆಗಾಯಿಯ ದಾಯಾದಿಯೆಂದೂ, ಕಡಲೆಕಾಯಿ ಪುಡಿ ಬಿದ್ದಿದ್ದರೆ ಇಮಾಮರು ಎದ್ದು ಕೂತಿರುತ್ತಿದ್ದರೆಂದೂ ನನ್ನ ಪತ್ನಿಯ ಅಭಿಪ್ರಾಯ. ಊಟವಾದ ಮೇಲೆ ಅವಳು ಮಾಣಿಯನ್ನು ಕರೆದು "ಹಿಸಾಬು" ಎಂದಳು. ಅವನು ನಕ್ಕು, "ಹೆಸಾಪ್" ಎಂದು ತಿದ್ದಿ, ಬಿಲ್ಲು ತಂದನು. ಪಕ್ಕದ ಅಂಗಡಿಯಲ್ಲಿ "ಸಾಬೂನು" ಎಂದಳು. ಆಲಿವ್ ಎಣ್ಣೆಯ ಸಾಬೂನುಗಳನ್ನು ಅವಳ ಮುಂದೆ ಗುಡ್ಡೆ ಹಾಕಿದರು.

ಹಾಗಾದರೆ ನಾನು ನಿಷ್ಪ್ರಯೋಜಕನಾಗಿದ್ದೆನೆ? ಇಲ್ಲ. ನಕ್ಷೆಯನ್ನು ಓದಿದವನು ನಾನು. ಸಂಜೆ ಹಡಗಿನ ವೇಳೆಯನ್ನು ನೋಡಿಕೊಂಡವನು ನಾನು. ಬೀದಿಗಳ ಹೆಸರು ನನಗೆ ನೆನಪಿತ್ತು. ಯಾವ ಔಷಧದಂಗಡಿಯ ಬಳಿ ತಿರುಗಬೇಕೆಂಬುದು ಅವಳಿಗೆ ನೆನಪಿತ್ತು. ಎರಡೂ ಸೇರಿದಾಗ ನಾವು ಕೋಣೆಗೆ ತಲುಪಿದೆವು. ಒಂದು ಬೀದಿಯಲ್ಲಿ ನಾನು ಮುಂದೆ, ಇನ್ನೊಂದರಲ್ಲಿ ಅವಳು ಮುಂದೆ. ಹೆಚ್ಚಿನ ಕಡೆ ಇಬ್ಬರೂ ಒಂದೇ ಸಾಲಿನಲ್ಲಿ. ಸಮಾನತೆಯೆಂದರೆ ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಕೇಳುತ್ತಿಲ್ಲ. ತುರ್ಕಿಯ ಸ್ತ್ರೀಯರಿಗೆ ಪಾರ್ಲಿಮೆಂಟಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು 1934ರಲ್ಲಿ ಬಂದಿತು. ನಮ್ಮ ಸಂವಿಧಾನವು 1950ರಲ್ಲಿ ಎಲ್ಲ ವಯಸ್ಕರಿಗೂ ಮತ ಕೊಟ್ಟಿತು. ಆದರೆ ಬೀದಿಯಲ್ಲಿ ಮುಂದೆ ನಡೆಯುವ ಅಭ್ಯಾಸವು ಕಾನೂನಿನಿಂದ ಬರುವುದಿಲ್ಲ, ನಡೆದೇ ಬರಬೇಕು.

ಇದಕ್ಕೆ ಆಕ್ಷೇಪಣೆಗಳಿವೆ. ಅಷ್ಟು ಹಣ ಖರ್ಚು ಮಾಡಿ ಹೋಗಿ ಒಂದು ದಿನವನ್ನು ಹಾಳು ಮಾಡುವುದೆ ಎಂದು ಕೆಲವರು ಕೇಳುವರು. ದಿನಕ್ಕೆ ಏಳು ಸ್ಥಳಗಳನ್ನು ನೋಡಿ ಬಂದವರನ್ನು ಐದನೆಯದು ಯಾವುದೆಂದು ಕೇಳಿದರೆ ಭಾವಚಿತ್ರ ಹುಡುಕಬೇಕಾಗುತ್ತದೆ. ಅದೂ ಒಂದು ಬಗೆಯ ಹಾಳೇ. ಮೊಬೈಲಿನಲ್ಲಿ ನಕ್ಷೆಯಿರುವಾಗ ದಾರಿ ತಿಳಿಯದಿರುವುದೆಂತು ಎಂದು ಇನ್ನು ಕೆಲವರು ಕೇಳುವರು. ಆ ಮೊಬೈಲು ಯಾರ ಕೈಯಲ್ಲಿರುತ್ತದೆಂಬುದೇ ನನ್ನ ಪ್ರಶ್ನೆ. ಒಬ್ಬರೇ ಅದನ್ನು ಹಿಡಿದು ಮುಂದೆ ನಡೆದರೆ ಹಳೆಯ ನಾಲ್ಕು ಹೆಜ್ಜೆಗಳು ಮರಳಿ ಬರುವುವು.

ಅಪಾಯದ ಮಾತನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಉಪಾಯವು ಸರಳವಾಗಿದೆ. ಪಾಸ್‌ಪೋರ್ಟುಗಳೆರಡೂ, ಹಣವೆಲ್ಲವೂ ಗಂಡನ ಬಳಿಯೇ ಇರುವುದು ನಮ್ಮಲ್ಲಿ ರೂಢಿ. ಜನಸಂದಣಿಯಲ್ಲಿ ಕೈ ತಪ್ಪಿದರೆ ಹೆಂಡತಿಯು ಹೆಸರಿಲ್ಲದವಳಾಗಿ ನಿಲ್ಲುವಳು. ಆದ್ದರಿಂದ ಅವರವರ ಪಾಸ್‌ಪೋರ್ಟು ಅವರವರಲ್ಲಿರಲಿ. ಹಣವನ್ನು ಇಬ್ಬರೂ ಹಂಚಿಕೊಳ್ಳಲಿ. ಟ್ರಾಮಿಗೂ ಹಡಗಿಗೂ ಬೇಕಾದ ಕಾರ್ಡು ಇಬ್ಬರ ಬಳಿಯೂ ಇರಲಿ. ತಂಗಿದ ಮನೆಯ ವಿಳಾಸವನ್ನು ಆ ದೇಶದ ಭಾಷೆಯಲ್ಲಿ ಬರೆಸಿ ಇಬ್ಬರೂ ಇಟ್ಟುಕೊಳ್ಳಲಿ. ಇಷ್ಟಾದರೆ ಆಕೆಯು ಗಂಡನನ್ನು ಹುಡುಕುತ್ತ ನಿಲ್ಲದೆ, ತಾನೇ ಮನೆ ತಲುಪಿ ಅವನಿಗಾಗಿ ಕಾಯಬಲ್ಲಳು.

ನಮ್ಮ ಕಾಲೇಜಿನ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ಬಹುಮಂದಿ ಮುಂದೆ ಸಂಸಾರಸ್ಥರಾಗುವರು. ಕೆಲವರಾದರೂ ಕಡಲು ದಾಟುವರು. ಅವರು ಯಾವ ಊರಿಗೆ ಹೋದರೂ ಸರಿ, ಎರಡನೆಯ ದಿನದಿಂದ ಮಾರ್ಗದರ್ಶಿಯನ್ನು ಕರೆದುಕೊಳ್ಳಲಿ, ಟಿಕೆಟ್ಟು ಕೊಂಡು ಅರಮನೆಗಳನ್ನು ನೋಡಲಿ. ಮೊದಲನೆಯ ದಿನವನ್ನು ಮಾತ್ರ ತಮ್ಮಿಬ್ಬರಿಗಾಗಿ ಉಳಿಸಿಕೊಳ್ಳಲಿ, ಅಂದು ಯಾವ ಬೀದಿಗೆ ತಿರುಗಬೇಕೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಲಿ ಎಂದು ಹಾರೈಸುತ್ತೇನೆ.