ಗುಡ್ಡಕ್ಕೆ ಹೊರಟ ಟ್ರೇಲರ್‌ನಲ್ಲಿ ಗ್ಯಾಸು, ಬ್ಯಾಟರಿ ಒಂದೇ ಮೂಲೆಗೆ: ಅಪಾಯ ಎಲ್ಲೈತಿ?

ಕಿತ್ತೂರು: ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂತಂದ್ರ ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್ ಅನ್ನೋದು ಎರಡು-ಮೂರು ದಿನದ ಮನೆ. ಕೆಳಗೆ ಹುಲ್ಲು, ಅದರ ಮೇಲೆ ಕೌದಿ, ತಲೆ ಮೇಲೆ ತಾಡಪತ್ರಿ. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಇಳಿದು, ಹೋಳಿಗೆ-ಕಡಬು ಮಾಡಿ, ಪಡ್ಡಲಗಿ ತುಂಬಿಸಿ, ಅಲ್ಲೇ ಮಲಗಿ ಬರೋದು ಹಿರಿಯರ ಕಾಲದಿಂದ ನಡೆದದ್ದೇ. ಬದಲಾಗಿದ್ದು ಒಳಗಿನ ಸಾಮಾನು. ಮೂರು ಕಲ್ಲಿನ ಒಲೆಯ ಜಾಗಕ್ಕೆ ಸಿಲಿಂಡರ್ ಬಂದಿದೆ. ಲಾಟೀನಿನ ಜಾಗಕ್ಕೆ ಬ್ಯಾಟರಿ, ಇನ್ವರ್ಟರ್, ಎಲ್‌ಇಡಿ ಲೈಟು ಬಂದಿವೆ.

ಹೋದ ಭರತ ಹುಣ್ಣಿಮೆಗೆ ನಮ್ಮ ಓಣಿಯ ಟ್ರೇಲರ್‌ನಲ್ಲಿ ನಾನೂ ಇದ್ದೆ. ರಾತ್ರಿ ಎಚ್ಚರಾದಾಗ ಗ್ಯಾಸ್ ವಾಸನೆ. ತಮ್ಮ ಲೈಟ್ ಹಚ್ಚಲು ಕೈ ಚಾಚಿದ. "ಏ, ಸ್ವಿಚ್ ಮುಟ್ಟಬ್ಯಾಡೊ! ಮೊದಲ ತಾಡಪತ್ರಿ ಎತ್ತು" ಅಂತ ಕಾಕಾ ಕೂಗಿದರು. ರೆಗ್ಯುಲೇಟರ್ ಅರ್ಧ ಮಾತ್ರ ಕೂತಿತ್ತು. ಅವತ್ತು ಕಾಕಾಗೆ ಎಚ್ಚರ ಇರದಿದ್ದರೆ ಈ ಸುದ್ದಿ ಬೇರೆ ಯಾರೋ ಬರೀತಿದ್ದರು.

ನೋಡಿದ್ದು ಸಾಕಾಗಿಲ್ಲವೇ?

2024ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯ ಉಣಕಲ್ ಸಾಯಿನಗರದಲ್ಲಿ ಅಯ್ಯಪ್ಪ ಮಾಲಾಧಾರಿಗಳು ಮಲಗಿದ್ದ ಕೋಣೆಯಲ್ಲಿ ರಾತ್ರಿ ಗ್ಯಾಸ್ ಸೋರಿ ಬೆಂಕಿ ಹತ್ತಿತು. 9 ಜನರಿಗೆ ಸುಟ್ಟ ಗಾಯ. ಅವರಲ್ಲಿ 8 ಜನ ಉಳಿಯಲಿಲ್ಲ. ಅದಕ್ಕೂ ಮುಂಚೆ 2023ರ ಆಗಸ್ಟ್ 26ರಂದು ಮದುರೈ ನಿಲ್ದಾಣದಲ್ಲಿ ನಿಂತಿದ್ದ ಯಾತ್ರಿಕರ ರೈಲು ಬೋಗಿ ಹೊತ್ತಿ 9 ಜನ ಸತ್ತರು. ನಿಯಮ ಮೀರಿ ಬೋಗಿಯೊಳಗೆ ಸಿಲಿಂಡರ್ ಒಯ್ದಿದ್ದರು. ಎರಡೂ ಕಡೆ ಹೋದವರು ದೇವರಿಗೆ ನಡೆದುಕೊಂಡವರೇ.

ಟ್ರೇಲರ್ ಅಂದ್ರೆ ತೊಟ್ಟಿ

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗಲ್ಲ, ನೀರಿನಂತೆ ತಳದಲ್ಲಿ ನಿಲ್ಲುತ್ತೆ. ಟ್ರೇಲರ್‌ಗೆ ನಾಲ್ಕೂ ಕಡೆ ಕಬ್ಬಿಣದ ಹಲಗೆ, ಮೇಲೆ ತಾಡಪತ್ರಿ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಗ್ಯಾಸ್ ಸೇರಿದರೂ ಕಿಡಿಗೆ ಹೊತ್ತುತ್ತದೆ. 10 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಎತ್ತರ ಅಂತ ಲೆಕ್ಕ ಹಾಕಿದರೆ, 14.2 ಕೆಜಿ ಸಿಲಿಂಡರ್‌ನಿಂದ ಅರ್ಧ ಕೆಜಿಗಿಂತ ಕಡಿಮೆ ಸೋರಿದರೂ ಸಾಕು.

ಕಿಡಿ ಎಲ್ಲಿಂದ? ಅದು ಬ್ಯಾಟರಿ ಕಡೆಯ ಮಾತು. 12 ವೋಲ್ಟ್ ಅಂದ್ರೆ ಶಾಕ್ ಹೊಡೆಯಲ್ಲ, ಹಾಗಾಗಿ ಭಯ ಇಲ್ಲ ಅಂದ್ಕೋತೇವೆ. ಆದರೆ ಮನೆಯಲ್ಲಿ 2 ಆಂಪಿಯರ್‌ಗೆ ತುಸು ಮೇಲೆ ಎಳೆಯುವ 500 ವ್ಯಾಟ್ ಮಿಕ್ಸರ್, ಇನ್ವರ್ಟರ್‌ಗೆ ಹಾಕಿದಾಗ ಬ್ಯಾಟರಿಯಿಂದ 42 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಲೈಟಿನ ಸಣ್ಣ ವೈರ್ ಜೋಡಿಸಿದ್ದರೆ ಅದು ಕಾದು ಕರಗುತ್ತೆ. ಕೆಳಗೆ ಒಣ ಹುಲ್ಲು.

ಹೊರದೇಶದಲ್ಲಿ ವಾಸಕ್ಕೆಂದೇ ಟ್ರೇಲರ್ ಕಟ್ಟುವವರು ಸಿಲಿಂಡರ್‌ಗೆ ಬೇರೆ ಪೆಟ್ಟಿಗೆ ಮಾಡುತ್ತಾರೆ. ಸೋರಿದ್ದು ಹೊರಗೆ ಬೀಳಲಿ ಅಂತ ಅದರ ತಳಕ್ಕೆ ತೂತು ಇಡುತ್ತಾರೆ. ನಮ್ಮಲ್ಲಿ ಜಾಗ ಉಳೀಲಿ ಅಂತ ಸಿಲಿಂಡರ್, ಬ್ಯಾಟರಿ ಎರಡನ್ನೂ ಒಂದೇ ಮೂಲೆಗೆ ತಳ್ಳುತ್ತೇವೆ. ತಪ್ಪು ಗ್ಯಾಸಿನದೂ ಅಲ್ಲ, ಬ್ಯಾಟರಿಯದೂ ಅಲ್ಲ. ಎರಡನ್ನೂ ತೊಟ್ಟಿಯೊಳಗೆ ಮುಚ್ಚಿಟ್ಟು ಮಲಗೋದು ತಪ್ಪು.

ಇನ್ನೊಂದು ಮಾತು. ಕೃಷಿಗೆಂದು ನೋಂದಣಿಯಾದ ಟ್ರೇಲರ್‌ನಲ್ಲಿ ಜನರನ್ನು ಒಯ್ಯೋದೇ ನಿಯಮಬಾಹಿರ. ಅನಾಹುತ ಆದರೆ ವಿಮೆ ಹಣಕ್ಕೂ ಅಲೆದಾಟ ತಪ್ಪಿದ್ದಲ್ಲ.

ಏನು ಮಾಡಬೇಕು?

- ಒಲೆ ಹಚ್ಚೋದು ಕೆಳಗಿಳಿದು, ಬಯಲಲ್ಲಿ. ಮಲಗುವಾಗ ರೆಗ್ಯುಲೇಟರ್ ತೆಗೆದು, ಕ್ಯಾಪ್ ಹಾಕಿ, ಸಿಲಿಂಡರ್ ಹೊರಗೆ ನಿಲ್ಲಿಸಿ ಇಡಿ.
- ಹಿಂದಿನ ಹಲಗೆ ಇಳಿಸಿಯೇ ಮಲಗಿ.
- ಬ್ಯಾಟರಿಯ ಪ್ಲಸ್ ಪಾಯಿಂಟ್ ಹತ್ತಿರವೇ, ವೈರ್ ತಾಳುವಷ್ಟರದೇ ಫ್ಯೂಸ್ ಹಾಕಿಸಿ. ಬ್ಯಾಟರಿ ಹುಲ್ಲಿನ ಮೇಲೆ ಬೇಡ.
- ದೊಡ್ಡ ಸಿಲಿಂಡರ್‌ನಿಂದ ಸಣ್ಣದಕ್ಕೆ ಮನೆಯಲ್ಲೇ ತುಂಬಿಸಬೇಡಿ. 5 ಕೆಜಿ ಸಿಲಿಂಡರ್ ಏಜೆನ್ಸಿಯಲ್ಲಿ ಗುರುತಿನ ಚೀಟಿ ತೋರಿಸಿದರೆ ಸಿಗುತ್ತೆ.
- ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ಮೊದಲು ಹೊರಗೆ ಬನ್ನಿ, ಆಮೇಲೆ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ.

ಅಂಗಡಿಯವರಿಗೂ ಒಂದು ಮಾತು. ಜಾತ್ರೆ ಮುಂದೆ ವೈರ್, ಗ್ಯಾಸ್ ಪೈಪ್ ಒಯ್ಯುವ ಗಿರಾಕಿ "ಸೋವಿದು ಕೊಡ್ರಿ" ಅಂತಾನೆ. "ಎದಕ್ಕ ಬೇಕ್ರಿ?" ಅಂತ ಒಂದು ಮಾತು ಕೇಳಿ, ಜೊತೆಗೆ ಒಂದು ಫ್ಯೂಸ್ ಕೊಟ್ಟು ಕಳಿಸಿ. ಟ್ರೇಲರ್‌ನಲ್ಲಿ ಮಲಗುವ ಮಕ್ಕಳು ನಮ್ಮ ಓಣಿಯವೇ.